ಕಾಲೇಜುಗಳಲ್ಲಿ ಸಾರ್ವಜನಿಕ ವಿಚಾರಗೋಷ್ಠಿ: ವಾಡಿ ಪ್ರದೇಶವನ್ನು ಕುರಿತು ಒಂದು ವಿಮರ್ಶೆ

ಉಪನ್ಯಾಸವೇ ಬೇರೆ, ವಿಚಾರಗೋಷ್ಠಿಯೇ ಬೇರೆ. ಉಪನ್ಯಾಸದಲ್ಲಿ ಬಲ್ಲವನೊಬ್ಬನು ಹೇಳುತ್ತಾನೆ, ಉಳಿದವರು ಕೇಳುತ್ತಾರೆ. ಗೋಷ್ಠಿಯಲ್ಲಾದರೋ ಹೇಳಿದವನೂ ಕೇಳಬೇಕು, ಕೇಳಿದವನೂ ಹೇಳಬೇಕು. ಈ ಭೇದವನ್ನು ಮರೆತರೆ ಗೋಷ್ಠಿಯೆಂಬ ಹೆಸರು ಉಳಿದು ವಸ್ತು ಮಾಯವಾಗುತ್ತದೆ. ಸ್ವಯಂಪ್ರೇರಿತ ಸಾಂಸ್ಕೃತಿಕ ಸಂಘಟನೆಗಳು ಕಾಲೇಜುಗಳಲ್ಲಿ ಏರ್ಪಡಿಸುವ ಸಾರ್ವಜನಿಕ ಗೋಷ್ಠಿಗಳನ್ನು ಈ ಒಂದೇ ಒರೆಗಲ್ಲಿಗೆ ಹಚ್ಚಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಪ್ರದೇಶವನ್ನು ನಾವು ಇದಕ್ಕೆ ಆರಿಸಿಕೊಂಡಿದ್ದೇವೆ.

ಈ ಆಯ್ಕೆಗೆ ಕಾರಣವುಂಟು. ಹೈದರಾಬಾದು ಸಂಸ್ಥಾನದ ಆಡಳಿತದಲ್ಲಿ ಉರ್ದು ರಾಜಭಾಷೆಯಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವೂ ಆ ಭಾಷೆಯಲ್ಲಿಯೇ ಬೋಧಿಸುತ್ತಿತ್ತು. ಮೈಸೂರಿನಲ್ಲಿ ವಿಶ್ವವಿದ್ಯಾನಿಲಯವೇ 1930ರ ದಶಕದಲ್ಲಿ ಪ್ರಚಾರೋಪನ್ಯಾಸಗಳ ಮೂಲಕ ಕನ್ನಡದಲ್ಲಿ ಜ್ಞಾನವನ್ನು ಹಳ್ಳಿಗಳಿಗೆ ಒಯ್ಯುತ್ತಿದ್ದಾಗ, ಇಲ್ಲಿ ಆ ಹೊರೆ ಸಂಘಸಂಸ್ಥೆಗಳ ಹೆಗಲ ಮೇಲಿತ್ತು. 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿಯೂ 1949ರಲ್ಲಿ ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿಯೂ ಕಲಬುರ್ಗಿಯಲ್ಲಿ ಸಾಹಿತ್ಯ ಸಮ್ಮೇಳನಗಳು ಜರುಗಿದುವು. ಕಲಬುರ್ಗಿಗೆ ತನ್ನದೇ ವಿಶ್ವವಿದ್ಯಾನಿಲಯ ಬಂದುದು 1980ರಲ್ಲಿ. ಆದುದರಿಂದ ಈ ನಾಡಿನಲ್ಲಿ ಸ್ವಯಂಪ್ರೇರಿತ ಸಂಘಟನೆಯು ವಿದ್ಯೆಯ ಅಲಂಕಾರವಲ್ಲ. ಬಹುಕಾಲ ಅದರ ಆಧಾರವೇ ಆಗಿತ್ತು.

ವಾಡಿಯಾದರೋ 1874ರಲ್ಲಿ ನಿಜಾಮ ಸಂಸ್ಥಾನದ ರೈಲುಮಾರ್ಗವು ಮುಂಬಯಿ-ಮದರಾಸು ಮಾರ್ಗವನ್ನು ಕೂಡಿಕೊಂಡ ಜಂಕ್ಷನ್ನು. ಅನಂತರ ಸಿಮೆಂಟಿನ ಊರು. ಇಲ್ಲಿಯೂ ಶಹಾಬಾದದಲ್ಲಿಯೂ ರೈಲು, ಕಾರ್ಖಾನೆ, ಕಲ್ಲುಗಣಿಗಳನ್ನು ನಂಬಿ ಬದುಕುವ ಬಹುಭಾಷೆಯ ಜನರಿದ್ದಾರೆ. ಇಂಥ ಊರಿನಲ್ಲಿ ಕಾಲೇಜಿಗೆ ಸಭಾಂಗಣವುಂಟು, ಗ್ರಂಥಭಂಡಾರವುಂಟು, ಅಧ್ಯಾಪಕರುಂಟು. ಊರಿನ ಪರಿಚಯ ಮಾತ್ರ ಅಷ್ಟಾಗಿಲ್ಲ. ಸಂಘಟನೆಗೆ ಊರಿನ ಪರಿಚಯವುಂಟು, ನೆಲೆಯಿಲ್ಲ. ಇವೆರಡೂ ಕೂಡುವುದು ಸಹಜವೂ ಶ್ಲಾಘ್ಯವೂ ಆದುದು. ಕೂಡಿ ಏನು ಮಾಡುತ್ತಿವೆ ಎಂಬುದೇ ವಿಚಾರಣೀಯ.

ಮೊದಲನೆಯ ದೋಷ ಕಾಲವಿನಿಯೋಗದಲ್ಲಿದೆ. ಸ್ವಾಗತ, ದೀಪಬೆಳಗುವಿಕೆ, ಪ್ರಾಸ್ತಾವಿಕ ನುಡಿ, ಉದ್ಘಾಟನೆ, ಮುಖ್ಯ ಅತಿಥಿಗಳ ಭಾಷಣ, ಸನ್ಮಾನ, ಅಧ್ಯಕ್ಷೀಯ ನುಡಿ, ಇಷ್ಟು ಮುಗಿಯುವ ಹೊತ್ತಿಗೆ ಊಟದ ವೇಳೆಯಾಗಿರುತ್ತದೆ. ಪ್ರಬಂಧಕಾರರಿಗೆ ಉಳಿಯುವುದು ಹತ್ತು ಹತ್ತು ನಿಮಿಷ. ಚರ್ಚೆಗೆ ಉಳಿಯುವುದು ವಂದನಾರ್ಪಣೆ. ವೇದಿಕೆಯ ಮರ್ಯಾದೆಯಿಲ್ಲದೆ ಸಭಾಂಗಣವೂ ದೊರೆಯದು, ದ್ರವ್ಯಸಹಾಯವೂ ದೊರೆಯದು ಎಂದು ಸಂಘಟಕರು ಹೇಳುವುದುಂಟು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಮರ್ಯಾದೆಗೆ ಅರ್ಧಗಂಟೆ ಸಾಕು. ಅರ್ಧ ದಿವಸ ಬೇಕಿಲ್ಲ.

ಎರಡನೆಯ ದೋಷ ಹೊರಗಿನಿಂದ ಬಂದುದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2010ರ ನಿಯಮಾವಳಿಯು ಗೋಷ್ಠಿಗಳಲ್ಲಿ ಓದಿದ ಪ್ರಬಂಧಗಳಿಗೆ ಅಂಕಗಳನ್ನು ಗೊತ್ತುಮಾಡಿತು. ಅಧ್ಯಾಪಕರ ಬಡತಿಗೂ ಗೋಷ್ಠಿಗೂ ಹೀಗೆ ಗಂಟು ಬಿದ್ದ ಮೇಲೆ ಪ್ರಮಾಣಪತ್ರವು ಪ್ರಬಂಧಕ್ಕಿಂತ ದೊಡ್ಡದಾಯಿತು. ಸರ್ಕಾರದ ಹಂಗಿಲ್ಲದೆ ಹುಟ್ಟಿದ ಸಂಘಟನೆಯು ಈ ಪತ್ರ ಹಂಚುವ ಕೆಲಸದಲ್ಲಿ ಪಾಲುದಾರನಾದರೆ, ಅದು ತನ್ನ ಸ್ವಾತಂತ್ರ್ಯವೆಂಬ ಏಕೈಕ ಬಂಡವಾಳವನ್ನು ಕೈಯಾರೆ ಕಳೆದುಕೊಂಡಂತೆ.

ಮೂರನೆಯದು ‘ಸಾರ್ವಜನಿಕ’ ಎಂಬ ವಿಶೇಷಣಕ್ಕೆ ಸಂಬಂಧಿಸಿದ್ದು. ಕೆಲಸದ ದಿನ ಹಗಲು ಹನ್ನೊಂದಕ್ಕೆ ಪ್ರಾರಂಭವಾಗುವ ಸಭೆಗೆ ಪಾಳಿಯ ಮೇಲೆ ದುಡಿಯುವ ಕಾರ್ಮಿಕನು ಹೇಗೆ ಬಂದಾನು? ಬರುವವರು ತರಗತಿಯಿಂದ ಅಪ್ಪಣೆಯ ಮೇರೆಗೆ ಎದ್ದುಬಂದ ವಿದ್ಯಾರ್ಥಿಗಳು. ಅವರು ಪ್ರಶ್ನೆ ಕೇಳುವುದಿಲ್ಲವೆಂದು ದೂರುವುದು ವಾಡಿಕೆ. ವಿಷಯವನ್ನು ಮುಂಚಿತವಾಗಿ ತಿಳಿಸದೆ, ಪ್ರಬಂಧವನ್ನು ಕಣ್ಣಿಗೆ ಕಾಣಿಸದೆ, ಕೊನೆಯ ಐದು ನಿಮಿಷದಲ್ಲಿ ಪ್ರಶ್ನೆಗಳಿದ್ದರೆ ಕೇಳಿ ಎಂದರೆ ಯಾರು ತಾನೇ ಕೇಳಿಯಾರು? 1949ರಲ್ಲಿ ಹೆಗ್ಗೋಡಿನಂಥ ಹಳ್ಳಿಯಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯು ತನ್ನ ಸಂಸ್ಕೃತಿ ಶಿಬಿರಗಳಲ್ಲಿ ಭಾಷಣದಷ್ಟೇ ಬೆಲೆಯನ್ನು ಚರ್ಚೆಗೂ ಕೊಟ್ಟಿತು; ಹಿಂದಿನ ರಾತ್ರಿ ನೋಡಿದ ನಾಟಕವನ್ನು ಕುರಿತು ಮರುದಿನ ಎಲ್ಲರೂ ಕೂಡಿ ಮಾತನಾಡುವ ಪದ್ಧತಿಯನ್ನು ಬೆಳೆಸಿತು. ಮಾತನಾಡಲು ವಸ್ತುವನ್ನೂ ಅವಕಾಶವನ್ನೂ ಒದಗಿಸಿದರೆ ಶ್ರೋತೃವು ಮೂಕನಾಗಿರುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ವಸ್ತುವಿನ ಅಭಾವವಂತೂ ಈ ಸೀಮೆಗಿಲ್ಲ. ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ; ಕವಿರಾಜಮಾರ್ಗಕ್ಕೆ ಆಶ್ರಯವಿತ್ತ ನೃಪತುಂಗನ ರಾಜಧಾನಿ. ಚಿತ್ತಾಪುರದ ಮಗ್ಗುಲಲ್ಲಿಯೇ ನಾಗಾವಿಯ ಘಟಿಕಾಸ್ಥಾನವಿದ್ದಿತು. ಭೀಮಾತೀರದ ಸನ್ನತಿಯಲ್ಲಿ 1989ರಲ್ಲಿ ಅಶೋಕನ ಶಾಸನಗಳಿರುವ ಚಪ್ಪಡಿ ಬೆಳಕಿಗೆ ಬಂದಿತು. ಶಹಾಬಾದದ ಕಲ್ಲು ನಾಡಿನ ಎಷ್ಟೋ ಮನೆಗಳ ನೆಲವಾಗಿದೆ. ಅದನ್ನು ಪದರ ಪದರವಾಗಿ ಬಿಡಿಸುವವನ ಅನುಭವವೂ ಒಂದು ವಿದ್ಯೆಯೇ. ಈ ವಿಷಯಗಳನ್ನು ಎತ್ತಿಕೊಂಡಾಗ ಮಳಖೇಡದ ರೈತನಾಗಲಿ ಗಣಿಯ ಕೂಲಿಕಾರನಾಗಲಿ ಕೇವಲ ಪ್ರೇಕ್ಷಕನಾಗಿರುವುದಿಲ್ಲ. ಪಂಡಿತನನ್ನು ತಿದ್ದಬಲ್ಲ ಸಾಕ್ಷಿಯಾಗುತ್ತಾನೆ. ಜಾಗತೀಕರಣ, ಆಧುನಿಕತೆ ಮೊದಲಾದ ಎಲ್ಲ ಊರುಗಳಿಗೂ ಒಪ್ಪುವ ಶೀರ್ಷಿಕೆಗಳಲ್ಲಿ ಈ ಲಾಭ ದೊರೆಯದು. ಹೊರಲೋಕದ ವಿಚಾರ ಬೇಡವೆಂಬುದು ನಮ್ಮ ಮತವಲ್ಲ. ಅದು ಊರಿನ ಬಾಗಿಲಿನಿಂದ ಒಳಗೆ ಬರಲಿ ಎಂಬುದಷ್ಟೇ ನಮ್ಮ ಮತ.

ನಾಲ್ಕನೆಯ ದೋಷ, ಗೋಷ್ಠಿಯ ಮರುದಿನ ಏನೂ ಉಳಿಯದಿರುವುದು. ಪತ್ರಿಕೆಯಲ್ಲಿ ಒಂದು ಛಾಯಾಚಿತ್ರ ಬಂದರೆ ಕಾರ್ಯ ಮುಗಿಯಿತು. ನಾಗಾವಿಯ 1058ರ ಶಾಸನವು ಘಟಿಕೆಯ ಉಪಾಧ್ಯಾಯರೊಂದಿಗೆ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ವೃತ್ತಿಯನ್ನು ವಿಧಿಸಿದೆ. ಹೇಳುವವರಷ್ಟೇ ಕಾಪಿಡುವವರೂ ಅವಶ್ಯಕರೆಂದು ಆ ಕಾಲದವರು ಅರಿತಿದ್ದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವು ಉಪನ್ಯಾಸಗಳನ್ನು ಕಿರುಹೊತ್ತಗೆಗಳಾಗಿ ಅಚ್ಚು ಮಾಡಿಸಿದುದರಿಂದಲೇ ಅವು ಇಂದಿಗೂ ಓದುಗರಿಗೆ ದೊರೆಯುತ್ತಿವೆ.

ಇಷ್ಟರಿಂದ ನಮ್ಮ ಸೂಚನೆಗಳು ಸ್ಪಷ್ಟವಾಗುತ್ತವೆ. ಪ್ರಬಂಧಗಳು ಹದಿನೈದು ದಿನ ಮುಂಚಿತವಾಗಿ ಕಾಲೇಜಿನ ಗ್ರಂಥಭಂಡಾರದಲ್ಲಿರಬೇಕು. ಒಟ್ಟು ಕಾಲದ ಅರ್ಧಭಾಗ ಚರ್ಚೆಗೆ ಮೀಸಲಾಗಬೇಕು. ಸಭೆ ಭಾನುವಾರವೋ ಸಂಜೆಯೋ ನಡೆಯಬೇಕು. ಪ್ರಬಂಧಗಳೊಡನೆ ಪ್ರಶ್ನೋತ್ತರಗಳನ್ನೂ ಬರೆದಿಟ್ಟು, ಅಚ್ಚಿಗೆ ಹಣವಿಲ್ಲದಿದ್ದರೆ ಕೈಬರಹದಲ್ಲಾದರೂ ಗ್ರಂಥಭಂಡಾರಕ್ಕೆ ಒಪ್ಪಿಸಬೇಕು. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ವೆಚ್ಚವಿಲ್ಲ. ವೇದಿಕೆಯ ಮೇಲಿನ ಕುರ್ಚಿಗಳನ್ನು ಕಡಿಮೆ ಮಾಡುವ ಧೈರ್ಯ ಮಾತ್ರ ಬೇಕು.

ಸನ್ನತಿಯ ಚಪ್ಪಡಿಯಲ್ಲಿ ಅಶೋಕನ ಹನ್ನೆರಡನೆಯ ಶಾಸನದ ಭಾಗವೂ ಸೇರಿದೆ. ಮಾತಿನಲ್ಲಿ ಸಂಯಮವಿರಬೇಕು, ಒಬ್ಬರ ತತ್ತ್ವವನ್ನು ಮತ್ತೊಬ್ಬರು ಕೇಳಬೇಕು ಎಂಬುದು ಆ ಶಾಸನದ ತಾತ್ಪರ್ಯ. ಬಹುಭಾಷೆ, ಬಹುಮತಗಳ ಜನರು ಒಂದೇ ರೈಲುನಿಲ್ದಾಣದಲ್ಲಿ ಇಳಿಯುವ ವಾಡಿಯಂಥ ಊರಿನಲ್ಲಿ ಪರಸ್ಪರ ಕೇಳಿಸಿಕೊಳ್ಳುವ ಒಂದು ಸ್ಥಳವಿರುವುದೂ ಇಲ್ಲದಿರುವುದೂ ಸಣ್ಣ ವ್ಯತ್ಯಾಸವಲ್ಲ. ಅಂಥ ಸ್ಥಳವನ್ನು ಸಂಘಟನೆಯೂ ಕಾಲೇಜೂ ಕೂಡಿ ನಿರ್ಮಿಸಬಲ್ಲವು. ಎಷ್ಟು ಗೋಷ್ಠಿಗಳು ನಡೆದುವೆಂಬ ಲೆಕ್ಕದಿಂದಲ್ಲ, ಎಷ್ಟು ಶ್ರೋತೃಗಳು ಮರುಮಾತನಾಡಿದರೆಂಬ ಲೆಕ್ಕದಿಂದ ಅವುಗಳ ಕಾರ್ಯವನ್ನು ಅಳೆಯತಕ್ಕದ್ದು.