ವಂಶಾವಳಿಯ ರೇಖೆಯೂ ಅದರ ಆಧಾರವೂ: ಸೈಟೋಸ್ಕೇಪ್ ಜೆಎಸ್ ಲೈಬ್ರರಿಯ ಶೈಲಿವಿಧಾನದ ವಿಮರ್ಶೆ

ಚರಿತ್ರೆಯ ಪಠ್ಯಗ್ರಂಥಗಳಲ್ಲಿ ವಂಶಾವಳಿಯ ಪಟಕ್ಕೆ ಇರುವಷ್ಟು ಅಧಿಕಾರ ಅದರ ಪಕ್ಕದಲ್ಲಿ ಅಚ್ಚಾಗಿರುವ ಗದ್ಯಕ್ಕೆ ಇಲ್ಲ. ಗದ್ಯದಲ್ಲಿ ‘ಬಹುಶಃ’ ಎಂಬುದಕ್ಕೂ ‘ಶಾಸನವೊಂದರ ಪ್ರಕಾರ’ ಎಂಬುದಕ್ಕೂ ಎಡೆಯುಂಟು. ಪಟದಲ್ಲಿ ಇರುವುದು ಒಂದು ಹೆಸರು, ಅದನ್ನು ಬಳಸಿದ ಒಂದು ಆಕೃತಿ, ಅಲ್ಲಿಂದ ಇನ್ನೊಂದು ಹೆಸರಿಗೆ ಎಳೆದ ಗೆರೆ, ಇಷ್ಟೇ. ವಿದ್ಯಾರ್ಥಿಗಳು ಪರೀಕ್ಷೆಗೆ ಕಂಠಪಾಠ ಮಾಡುವುದೂ ಪಟವನ್ನೇ ಹೊರತು ಗದ್ಯವನ್ನಲ್ಲ. ಹೀಗಿರಲಾಗಿ ಆ ಆಕೃತಿಯನ್ನೂ ಗೆರೆಯನ್ನೂ ಯಾರು, ಯಾವ ನಿಯಮದಿಂದ ಬರೆದರು ಎಂಬುದು ಕೇವಲ ಅಲಂಕಾರದ ಪ್ರಶ್ನೆಯಲ್ಲ.

ಈಚೆಗೆ ಇಂಥ ಪಟಗಳನ್ನು ಕೈಯಿಂದ ಬರೆಯುವುದು ತಪ್ಪಿ, ಗಣಕದ ಬ್ರೌಸರಿನಲ್ಲಿ ರಚಿಸುವ ಪದ್ಧತಿ ಬಂದಿದೆ. ಇದಕ್ಕಾಗಿ ಪ್ರೋಗ್ರಾಮ್ ಬರೆಯುವವರು ಬಳಸುವ ಸಿದ್ಧ ಸಾಮಗ್ರಿಯನ್ನು ‘ಲೈಬ್ರರಿ’ ಎನ್ನುತ್ತಾರೆ. ಅಂಥ ಲೈಬ್ರರಿಗಳಲ್ಲಿ ಸೈಟೋಸ್ಕೇಪ್ ಜೆಎಸ್ ಎಂಬುದೊಂದನ್ನು ಆರಿಸಿಕೊಂಡು, ಅದು ಆಕೃತಿಗಳಿಗೆ ರೂಪ ಕೊಡುವ ಬಗೆಯನ್ನು ಚರಿತ್ರೆಯ ಅಧ್ಯಾಪಕರ ದೃಷ್ಟಿಯಿಂದ ಪರಿಶೀಲಿಸಬೇಕೆಂದು ಇಲ್ಲಿ ಹೊರಟಿದ್ದೇವೆ. ಅದರ ವೇಗ, ಗಣಿತ ಮುಂತಾದವುಗಳ ವಿಚಾರವನ್ನು ಆಯಾ ಶಾಸ್ತ್ರಜ್ಞರಿಗೆ ಬಿಟ್ಟಿದ್ದೇವೆ.

ಈ ಲೈಬ್ರರಿ ಬೆಳೆದದ್ದು ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ. 2003ರಲ್ಲಿ ವಿದ್ವತ್ ಪ್ರಪಂಚಕ್ಕೆ ಪರಿಚಯವಾದ ಸೈಟೋಸ್ಕೇಪ್ ಎಂಬ ತಂತ್ರಾಂಶದ ಪರಂಪರೆಗೆ ಇದು ಸೇರಿದ್ದು. ಇದನ್ನು ಕುರಿತ ಮುಖ್ಯ ಪ್ರಬಂಧ 2016ರಲ್ಲಿ ಪ್ರಕಟವಾಯಿತು. ಜೀವಕೋಶದೊಳಗಿನ ಜೀನು, ಪ್ರೋಟೀನುಗಳ ಪರಸ್ಪರ ಸಂಬಂಧಗಳನ್ನು ಜಾಲದಂತೆ ತೋರಿಸುವುದು ಮೂಲ ಉದ್ದೇಶ. ಅಂಥ ಜಾಲದಲ್ಲಿ ಬಿಂದುಗಳು ಸಾವಿರಾರು ಇರಬಹುದು. ನೋಡುವವರು ಹುಡುಕುವುದು ಒಟ್ಟಿನ ವಿನ್ಯಾಸವನ್ನು. ರಾಜವಂಶದ ಪಟದಲ್ಲಾದರೋ ಇರುವುದು ಇಪ್ಪತ್ತು ಮೂವತ್ತು ಹೆಸರು, ಮತ್ತು ಒಂದೊಂದು ಗೆರೆಯ ಹಿಂದೆಯೂ ಒಂದೊಂದು ವಾದ. ಒಂದು ಶಾಸ್ತ್ರದ ಉಪಕರಣವನ್ನು ಇನ್ನೊಂದು ಶಾಸ್ತ್ರ ಎರವಲು ತರುವಾಗ ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು.

ಇದರ ಕ್ರಮ ಸ್ಥೂಲವಾಗಿ ಹೀಗಿದೆ. ಪ್ರತಿಯೊಂದು ಬಿಂದುವಿಗೂ ರೇಖೆಗೂ ಸಂಬಂಧಿಸಿದ ಮಾಹಿತಿಯನ್ನು ಒಂದು ಕಡೆ ಬರೆದಿಡಬೇಕು. ಅವು ಹೇಗೆ ಕಾಣಬೇಕೆಂಬ ನಿಯಮಗಳನ್ನು ಇನ್ನೊಂದು ಕಡೆ, ‘ಸ್ಟೈಲ್‌ಶೀಟ್’ ಎಂಬ ಶೈಲಿಪತ್ರದಲ್ಲಿ ಬರೆಯಬೇಕು. ‘ಇಂಥ ಗುಣವುಳ್ಳ ಬಿಂದುಗಳಿಗೆಲ್ಲ ಇಂಥ ಆಕೃತಿ’ ಎಂದು ಹೇಳುವ ಭಾಗಕ್ಕೆ ‘ಸೆಲೆಕ್ಟರ್’ ಎಂದು ಹೆಸರು. ಒಂದೇ ಬಿಂದುವಿಗೆ ಎರಡು ನಿಯಮಗಳು ಅನ್ವಯಿಸಿದರೆ ಕೊನೆಗೆ ಬರೆದದ್ದೇ ಗೆಲ್ಲುತ್ತದೆ. ಏನನ್ನೂ ಹೇಳದಿದ್ದರೆ ಲೈಬ್ರರಿಯೇ ತನ್ನ ರೂಪವನ್ನು ಕೊಡುತ್ತದೆ: ಬಿಂದುವಿಗೆ ಅಂಚಿಲ್ಲದ ಬೂದುಬಣ್ಣದ ವೃತ್ತ, ರೇಖೆಗೆ ಬಾಣವಿಲ್ಲದ ಅಖಂಡ ಬೂದುಗೆರೆ.

ಈ ‘ಏನನ್ನೂ ಹೇಳದ’ ರೂಪದಲ್ಲಿಯೇ ಅಪಾಯವಿರುವುದು. ನಮ್ಮ ಅನುಭವವನ್ನೇ ಹೇಳುವುದಾದರೆ, ತರಗತಿಗಾಗಿ ನಾವು ಚಾಲುಕ್ಯರ ವಂಶಾವಳಿಯನ್ನು ಇದರಲ್ಲಿ ರಚಿಸಿದೆವು. ಬಾದಾಮಿಯ ಎರಡನೆಯ ಕೀರ್ತಿವರ್ಮನನ್ನು ರಾಷ್ಟ್ರಕೂಟರು ಎಂಟನೆಯ ಶತಮಾನದ ಮಧ್ಯದಲ್ಲಿ ಸೋಲಿಸಿದರು. ಎರಡನೆಯ ತೈಲಪನು ರಾಷ್ಟ್ರಕೂಟರನ್ನು ಕೆಡಹಿದ್ದು 973ರಲ್ಲಿ. ನಡುವೆ ಇನ್ನೂರಕ್ಕೂ ಹೆಚ್ಚು ವರ್ಷಗಳು. ಈ ಕಂದರಕ್ಕೆ ಸೇತುವೆ ಕಟ್ಟಿಕೊಟ್ಟಿರುವುದು ಕಲ್ಯಾಣದ ಅರಸರ ಕಾಲದ ದಾನಶಾಸನಗಳು, ಮುಖ್ಯವಾಗಿ ಐದನೆಯ ವಿಕ್ರಮಾದಿತ್ಯನ ಕಾಲದ, 1009ರ ಕೌಠೇಂ ತಾಮ್ರಪಟ. ಅದು ಕೀರ್ತಿವರ್ಮನ ತಂದೆಯಾದ ಎರಡನೆಯ ವಿಕ್ರಮಾದಿತ್ಯನ ಸೋದರನೊಬ್ಬನಿಂದ ಆರಂಭಿಸಿ, ಕೀರ್ತಿವರ್ಮ, ತೈಲ, ವಿಕ್ರಮಾದಿತ್ಯ, ಭೀಮ, ಅಯ್ಯಣ, ವಿಕ್ರಮಾದಿತ್ಯ ಎಂದು ಇಳಿದು ಎರಡನೆಯ ತೈಲಪನಲ್ಲಿಗೆ ಬರುತ್ತದೆ. ಅಯೋಧ್ಯೆಯಲ್ಲಿ ಆಳಿದ ಐವತ್ತೊಂಬತ್ತು ಮಂದಿ ಅರಸರನ್ನು ವಂಶದ ಪೂರ್ವಜರೆಂದು ಹೇಳುವುದೂ ಇದೇ ತಾಮ್ರಪಟ. ಬಾದಾಮಿಯ ಮುಖ್ಯ ಶಾಖೆಗೂ ತೈಲಪನಿಗೂ ಇರುವ ಸಂಬಂಧವನ್ನು ರಾ. ಗೋ. ಭಂಡಾರಕರರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸಂಶಯದಿಂದ ನೋಡಿದ್ದರು. ಗೆದ್ದ ಮನೆತನ ಹಳೆಯ ಮನೆತನದ ಹೆಸರನ್ನು ತನ್ನದೆಂದು ಸಾರಿಕೊಳ್ಳುವುದು ದಕ್ಷಿಣ ಭಾರತದ ಚರಿತ್ರೆಯಲ್ಲಿ ಅಪೂರ್ವವಲ್ಲ.

ನಮ್ಮ ಪಟದಲ್ಲಿ ಈ ಸಂಶಯದ ಸುಳಿವೇ ಇರಲಿಲ್ಲ. ಇಮ್ಮಡಿ ಪುಲಕೇಶಿಗೂ ನಡುವಣ ಭೀಮನಿಗೂ ಒಂದೇ ಅಳತೆಯ ಬೂದು ವೃತ್ತ. ತಂದೆಯಿಂದ ಮಗನಿಗೆ ಎಲ್ಲೆಲ್ಲಿಯೂ ಒಂದೇ ಅಖಂಡ ಗೆರೆ. ‘ಇವರಲ್ಲಿ ಸ್ವಂತ ಶಾಸನಗಳುಳ್ಳವರು ಯಾರು ಸರ್?’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಉತ್ತರ ನಮ್ಮ ಟಿಪ್ಪಣಿಯಲ್ಲಿತ್ತು, ಪಟದಲ್ಲಿರಲಿಲ್ಲ. ಹಿಂದಿನ ವರ್ಷ ಅದೇ ಪಟವನ್ನು ನಕಲು ಮಾಡಿಕೊಂಡವರಿಗೆ ಈಗ ಏನು ಹೇಳುವುದು?

ತಪ್ಪು ನಮ್ಮದೇ ಹೊರತು ಲೈಬ್ರರಿಯದಲ್ಲವೆಂದು ಮೊದಲೇ ಒಪ್ಪಿಕೊಳ್ಳುತ್ತೇವೆ. ಬೇಕಾದ ಸಾಧನಗಳು ಅದರಲ್ಲಿವೆ. ಅಂಚನ್ನು ಅಖಂಡವಾಗಿ, ಚುಕ್ಕೆಯಾಗಿ, ತುಂಡುಗೆರೆಯಾಗಿ, ಜೋಡಿಗೆರೆಯಾಗಿ ಬರೆಯಬಹುದು. ರೇಖೆಗೂ ಇವುಗಳಲ್ಲಿ ಮೊದಲ ಮೂರು ಬಗೆಗಳು ಲಭ್ಯ. (ಅಂಚಿನ ದಪ್ಪ ಆರಂಭದಲ್ಲಿ ಸೊನ್ನೆಯಾಗಿರುವುದರಿಂದ, ದಪ್ಪವನ್ನು ಹೇಳದೆ ತುಂಡುಗೆರೆಯನ್ನು ಮಾತ್ರ ಕೇಳಿದರೆ ಏನೂ ಕಾಣುವುದಿಲ್ಲ, ಈ ಸಣ್ಣ ವಿಷಯಕ್ಕೆ ನಮ್ಮ ಒಂದು ಸಂಜೆ ಹೋಯಿತು.) ಈ ಬಗೆಯ ಸಂಕೇತ ಹೊಸದೂ ಅಲ್ಲ. ಜೋಸೆಫ್ ಪ್ರೀಸ್ಟ್ಲಿ 1765ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯ ಪಟದಲ್ಲಿ ಸುಮಾರು ಎರಡು ಸಾವಿರ ಹೆಸರುಗಳಿವೆ. ಆಯುಸ್ಸಿನ ಅವಧಿ ನಿಶ್ಚಿತವಾಗಿರುವಲ್ಲಿ ಅಖಂಡ ಗೆರೆಯನ್ನೂ ಅನಿಶ್ಚಿತವಾಗಿರುವಲ್ಲಿ ಚುಕ್ಕೆಗಳನ್ನೂ ಆತ ಬಳಸಿದ. ತಾಮ್ರದ ತಗಡಿನ ಮೇಲೆ ಕೊರೆಯಿಸುವ ಕಾಲದಲ್ಲಿ ಸಾಧ್ಯವಾದ ಈ ಎಚ್ಚರ ನಮ್ಮ ಕಾಲದಲ್ಲಿ ಕಷ್ಟವಾಗಬಾರದು.

ಲೈಬ್ರರಿಯ ನಿಜವಾದ ಗುಣ ಇದಕ್ಕಿಂತ ಆಳದಲ್ಲಿದೆ. ರೂಪವನ್ನು ಮಾಹಿತಿಯಿಂದ ಬೇರ್ಪಡಿಸಿರುವುದರಿಂದ, ಗೆರೆಯನ್ನು ತುಂಡಾಗಿಸಬೇಕಾದರೆ ಅದು ಏಕೆ ತುಂಡಾಗಬೇಕೆಂಬುದನ್ನು ಮೊದಲು ಮಾಹಿತಿಯಲ್ಲಿ ಬರೆಯಬೇಕಾಗುತ್ತದೆ. ನಾವು ಪ್ರತಿಯೊಬ್ಬ ಅರಸನ ಮಾಹಿತಿಯಲ್ಲೂ ‘ಸ್ವಂತ ಶಾಸನ ಉಂಟೆ’ ಎಂಬ ಅರ್ಥದ ಒಂದು ಅಂಕಣವನ್ನು ಸೇರಿಸಿದೆವು. ಆಗ ಒಂದು ಸ್ವಾರಸ್ಯ ಕಂಡಿತು. ಅಂಕಣದಲ್ಲಿ ‘ಹೌದು’ ಎಂದಿರುವವರನ್ನು ಆರಿಸುವುದಕ್ಕೆ ಪ್ರಶ್ನಾರ್ಥಕ ಚಿಹ್ನೆಯ ಸೆಲೆಕ್ಟರೂ, ‘ಅಲ್ಲ’ ಎಂದಿರುವವರಿಗೆ ಆಶ್ಚರ್ಯಸೂಚಕ ಚಿಹ್ನೆಯದೂ, ಅಂಕಣವನ್ನೇ ತುಂಬದವರಿಗೆ ಟೊಪ್ಪಿಗೆಯಂಥ ‘^’ ಚಿಹ್ನೆಯದೂ ಬೇರೆಬೇರೆಯಾಗಿ ಇವೆ. ‘ಹುಡುಕಿದೆವು, ಇಲ್ಲ’ ಎಂಬುದೂ ‘ಇನ್ನೂ ಹುಡುಕಿಲ್ಲ’ ಎಂಬುದೂ ಒಂದೇ ಅಲ್ಲವೆಂದು ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳಿಗೆ ನಾವು ವರ್ಷವಿಡೀ ಹೇಳುವ ಮಾತು, ಜೀವಶಾಸ್ತ್ರಕ್ಕೆಂದು ಬರೆದ ಉಪಕರಣವೊಂದರಲ್ಲಿ ಮೂರು ಚಿಹ್ನೆಗಳಾಗಿ ನಿಂತಿದೆ!

ಆದರೆ ಇಲ್ಲಿಯೂ ಒಂದು ತೊಡಕುಂಟು. ಆಶ್ಚರ್ಯಸೂಚಕ ಚಿಹ್ನೆಯ ಸೆಲೆಕ್ಟರು ‘ಅಲ್ಲ’ ಎಂದಿರುವವರ ಜೊತೆಗೆ ತುಂಬದ ಅಂಕಣದವರನ್ನೂ ಎಳೆದುಕೊಳ್ಳುತ್ತದೆ. ಗಣಕಕ್ಕೆ ಶೂನ್ಯವೂ ನಿಷೇಧವೂ ಆ ಮಟ್ಟಿಗೆ ಒಂದೇ. ಆದುದರಿಂದ ‘^’ ನಿಯಮವನ್ನು ಅದರ ನಂತರವೇ ಬರೆಯಬೇಕು. ಕೊನೆಯದು ಗೆಲ್ಲುವುದರಿಂದ ಅಜ್ಞಾತವು ಮತ್ತೆ ಅಜ್ಞಾತವಾಗಿ ಉಳಿಯುತ್ತದೆ. ಕ್ರಮ ತಪ್ಪಿದರೆ, ನಾವು ನೋಡದೆ ಬಿಟ್ಟ ಅರಸರೆಲ್ಲರೂ ಶಾಸನವಿಲ್ಲದ ಅರಸರಾಗಿಬಿಡುತ್ತಾರೆ, ಮತ್ತು ಪಟ ನೋಡುವವರಿಗೆ ಅದು ಎಂದಿಗೂ ತಿಳಿಯುವುದಿಲ್ಲ.

ಇನ್ನು ಒಪ್ಪಲಾಗದ ಅಂಶಗಳು. ಮಾಹಿತಿಯ ಅಂಕಿಯೊಂದನ್ನು ಬಣ್ಣಕ್ಕೋ ಗಾತ್ರಕ್ಕೋ ಸಮಪ್ರಮಾಣದಲ್ಲಿ ಪರಿವರ್ತಿಸುವ ‘ಮ್ಯಾಪ್‌ಡೇಟಾ’ ಎಂಬ ಸೌಲಭ್ಯವಿದೆ. ಪ್ರಯೋಗಶಾಲೆಯಲ್ಲಿ ಅಳೆದ ಅಂಕಿಗೆ ಇದು ಯುಕ್ತ. ಆದರೆ ಒಂದು ಸಂಬಂಧದ ವಿಶ್ವಾಸಾರ್ಹತೆಗೆ ನೂರಕ್ಕೆ ಅರುವತ್ತು ಎಂದು ಅಂಕ ಕೊಟ್ಟು ಅದರಂತೆ ಗೆರೆಯನ್ನು ತೆಳುವಾಗಿಸುವುದು ವಿದ್ವತ್ತಲ್ಲ, ವಿದ್ವತ್ತಿನ ವೇಷ. ಆ ಅರುವತ್ತನ್ನು ಅಳೆದವರು ಯಾರು? ಸಮಕಾಲೀನ ಶಾಸನ, ಸಂತತಿಯವರ ಶಾಸನ, ಕಾವ್ಯ ಎಂದು ಆಧಾರದ ಜಾತಿಯನ್ನು ಹೇಳಿದರೆ ಸಾಕು. ಬಿಲ್ಹಣನ ಕಾವ್ಯದಲ್ಲಿ ಬ್ರಹ್ಮನ ಚುಲುಕದಿಂದ ಹುಟ್ಟಿದ ಮೂಲಪುರುಷನಿಗೆ ಎಷ್ಟು ಅಂಕ ಕೊಡಬೇಕೆಂಬ ಚರ್ಚೆಗೆ ನಮಗೆ ಬಿಡುವಿಲ್ಲ.

ಆಕೃತಿಗಳ ಸಮೃದ್ಧಿಯೂ ಅಷ್ಟೇನೂ ಉಪಕಾರಿಯಲ್ಲ. ತ್ರಿಕೋನ, ಚೌಕ, ವಜ್ರ, ಪಂಚಕೋನದಿಂದ ಅಷ್ಟಕೋನದವರೆಗೆ, ನಕ್ಷತ್ರ, ಪೀಪಾಯಿ ಎಲ್ಲವೂ ಇವೆ. ಇವುಗಳಿಗೆ ಅರ್ಥ ಮಾತ್ರ ಇಲ್ಲ. ಮಾನವಶಾಸ್ತ್ರದಲ್ಲಿ ತ್ರಿಕೋನ ಪುರುಷನಿಗೆ, ವೃತ್ತ ಸ್ತ್ರೀಗೆ ಎಂಬ ರೂಢಿ ಬಹುಕಾಲದಿಂದ ನಿಂತಿದೆ. ಅದನ್ನು ತಿಳಿಯದೆ ಅರಸರೆಲ್ಲರಿಗೂ ವೃತ್ತವನ್ನು ಕೊಟ್ಟರೆ ಆ ಶಾಸ್ತ್ರ ಬಲ್ಲವರು ನಗುತ್ತಾರೆ. ಇದಕ್ಕಿಂತ ದೊಡ್ಡ ಕೊರತೆಯೊಂದಿದೆ. ಇಲ್ಲಿ ರೇಖೆಯು ಎರಡು ಬಿಂದುಗಳನ್ನು ಮಾತ್ರ ಸೇರಿಸಬಲ್ಲದು. ಒಂದು ರೇಖೆಯ ನಡುವಿನಿಂದ ಇನ್ನೊಂದು ರೇಖೆ ಇಳಿಯುವಂತಿಲ್ಲ. ತೈಲಪನ ತಾಯಿ ಬೊಂತಾದೇವಿ ಚೇದಿಯ ಅರಸ ಲಕ್ಷ್ಮಣನ ಮಗಳೆಂದು ಶಾಸನಗಳು ಹೇಳುತ್ತವೆ. ಅವಳಿಗೂ ವಿಕ್ರಮಾದಿತ್ಯನಿಗೂ ನಡುವಣ ವಿವಾಹರೇಖೆಯಿಂದ ಮಗನ ರೇಖೆ ಹೊರಡಬೇಕಾದರೆ, ನಡುವೆ ಹೆಸರಿಲ್ಲದ ಕಿರುಬಿಂದುವೊಂದನ್ನು ಕಲ್ಪಿಸಬೇಕು. ಈ ತೊಂದರೆ ಬೇಡವೆಂದು ಬಹುಮಂದಿ ತಾಯಿಯನ್ನೇ ಬಿಟ್ಟುಬಿಡುತ್ತಾರೆ. ತೈಲಪನ ಬಲವನ್ನು ವಿವೇಚಿಸುವವರಿಗೆ ಸಂಶಯಾಸ್ಪದರಾದ ಪೂರ್ವಜರಿಗಿಂತ ಈ ಚೇದಿಸಂಬಂಧವೂ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕೆಳಗೆ ಅವನು ತರ್ದವಾಡಿ ನಾಡನ್ನು ಆಳುತ್ತಿದ್ದುದೂ ಹೆಚ್ಚು ಮುಖ್ಯವೆಂಬುದು ನಮ್ಮ ಅಭಿಪ್ರಾಯ. ಉಪಕರಣದ ಅನುಕೂಲಕ್ಕಾಗಿ ಚರಿತ್ರೆ ಹೀಗೆ ಗಂಡುಸಂತತಿಯ ಒಂದೇ ಎಳೆಯಾಗುವುದು ವಿಷಾದಕರ.

ಶೈಲಿಪತ್ರವನ್ನು ಮೀರಿ, ಒಂದು ಬಿಂದುವಿಗೆ ಮಾತ್ರ ನೇರವಾಗಿ ರೂಪ ಕೊಡುವ ‘ಬೈಪಾಸ್’ ಎಂಬ ಮಾರ್ಗವನ್ನು ವಿದ್ಯಾರ್ಥಿಗಳು ಬಳಸದಿರುವುದು ಲೇಸು. ಲೈಬ್ರರಿಯ ಕೈಪಿಡಿಯೇ ಅದನ್ನು ವಿರಳವಾಗಿ ಬಳಸಬೇಕೆನ್ನುತ್ತದೆ. ಹಸ್ತಪ್ರತಿಗಳನ್ನು ಬಲ್ಲವರಿಗೆ ಇದು ಪರಿಚಿತವಾದ ದೋಷ: ಲಿಪಿಕಾರನೊಬ್ಬ ಕಾರಣ ಹೇಳದೆ ನಡುವೆ ಸೇರಿಸಿದ ಪ್ರಕ್ಷೇಪ. ಮೂರು ತಿಂಗಳ ಮೇಲೆ, ಈ ಒಂದು ಹೆಸರು ಕೆಂಪಾಗಿರುವುದೇಕೆಂದು ಬರೆದವನಿಗೇ ತಿಳಿಯದು.

ಕನ್ನಡದ ಹೆಸರುಗಳ ವಿಷಯವನ್ನೂ ಹೇಳಬೇಕು. ಆಕೃತಿಯೊಳಗಿನ ಬರಹವನ್ನು ಸಾಲುಗಳಾಗಿ ಮುರಿಯಲು ಹೇಳಿದರೆ, ಬೇರೆ ನಿಯಮ ಕೊಡದ ಹೊರತು ಪದಗಳ ನಡುವೆ ತೆರಪಿರುವಲ್ಲಿ ಮಾತ್ರ ಅದು ಮುರಿಯುತ್ತದೆ. ‘ತ್ರಿಭುವನಮಲ್ಲವಿಕ್ರಮಾದಿತ್ಯ’ ಎಂಬ ಸಮಾಸಕ್ಕೆ ತೆರಪೆಲ್ಲಿ? ಬಿರುದನ್ನೂ ಹೆಸರನ್ನೂ ನಾವೇ ಬಿಡಿಸಿ ಬರೆಯಬೇಕಾಯಿತು. ಅಲ್ಲದೆ ಇಡೀ ಪಟ ‘ಕ್ಯಾನ್ವಾಸ್’ ಮೇಲೆ ಚಿತ್ರವಾಗಿ ಮೂಡುವುದರಿಂದ, ಬ್ರೌಸರಿನ ಹುಡುಕುವ ಸೌಲಭ್ಯಕ್ಕೆ ಆ ಹೆಸರುಗಳು ಸಿಗುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಗಾಗಿ ಓದಿ ಹೇಳುವ ತಂತ್ರಾಂಶಕ್ಕೂ ಸಿಗುವುದಿಲ್ಲ. ಪಟದ ಕೆಳಗೆ ಅದೇ ಮಾಹಿತಿಯನ್ನು ಕೋಷ್ಟಕವಾಗಿ ಕೊಡದೆ ಗತ್ಯಂತರವಿಲ್ಲ.

ಸಂಕೇತಗಳ ವಿವರಣೆಯನ್ನು ಲೈಬ್ರರಿ ತಾನಾಗಿ ಬರೆಯುವುದಿಲ್ಲ. ಅದನ್ನೂ ನಾವೇ ಸೇರಿಸಿದ್ದೇವೆ. ತಿದ್ದಿದ ಪಟದಲ್ಲಿ ಸ್ವಂತ ಶಾಸನವುಳ್ಳವರಿಗೆ ಅಖಂಡ ಅಂಚು, ಹುಡುಕಿಯೂ ಸಿಗದವರಿಗೆ ತುಂಡು ಅಂಚು, ಇನ್ನೂ ಪರಿಶೀಲಿಸದವರಿಗೆ ಚುಕ್ಕೆಯ ಅಂಚು. ಕಪ್ಪುಬಿಳುಪಿನ ನೆರಳಚ್ಚಿನಲ್ಲಿ ಉಳಿಯಲೆಂದು ಬಣ್ಣವನ್ನು ಸಂಕೇತವಾಗಿ ಬಳಸಿಲ್ಲ. ಎರಡನೆಯ ವಿಕ್ರಮಾದಿತ್ಯನ ಸೋದರನಿಂದ ತೈಲಪನವರೆಗಿನ ಏಳು ರೇಖೆಗಳೂ ಈಗ ತುಂಡುಗೆರೆಗಳು. ಅವುಗಳ ಪಕ್ಕದಲ್ಲಿ ‘ಕೌಠೇಂ, 1009’ ಎಂದು ಬರೆದಿದೆ. ಬೊಂತಾದೇವಿಯ ರೇಖೆಗೂ ಅದೇ ನಿಯಮ. ಅಯೋಧ್ಯೆಯ ಐವತ್ತೊಂಬತ್ತು ಮಂದಿಯನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿ, ಕೆಳಗಿನ ಯಾವ ಹೆಸರಿಗೂ ರೇಖೆ ಎಳೆಯದೆ ಬಿಟ್ಟಿದ್ದೇವೆ.