ಹಿನ್ನೆಲೆಯೇ ಬೀಗದ ಕೈ

ಮಸ್ಕತ್ತಿನ ಜೂನ್ ಬಿಸಿಲು ನಲವತ್ತು ಡಿಗ್ರಿ ದಾಟಿದರೆ ಮಕ್ಕಳಿಗೆ ಹೊರಗೆ ಆಟವಿಲ್ಲ. ಬಿಳಿ, ಮರಳು ಬಣ್ಣದ ಕಟ್ಟಡಗಳ ಈ ಊರಿನ ಕನ್ನಡದ ಮನೆಗಳಿಗೆ ನಾನು ಶಿಫಾರಸು ಮಾಡುವ ವಿಡಿಯೊ ಆಟ 'ಹ್ಯೂ'. 2016ರಲ್ಲಿ ಬ್ರಿಟನ್ನಿನ ಫಿಡಲ್‌ಸ್ಟಿಕ್ಸ್ ತಂಡ ರೂಪಿಸಿದ್ದು. ಬೂದು ಜಗತ್ತಿನಲ್ಲಿ ಹುಡುಗನೊಬ್ಬ ತಾಯಿಯನ್ನು ಹುಡುಕುತ್ತ ಒಂದೊಂದೇ ಬಣ್ಣ ಗಳಿಸುತ್ತಾನೆ.

ಉಪಾಯ ಸರಳ. ಹಿನ್ನೆಲೆಗೆ ಕೆಂಪು ಬಳಿದರೆ ಕೆಂಪು ಗೋಡೆ ಮಾಯ. ನೀಲಿ ಬಳಿದರೆ ಅದೇ ಗೋಡೆ ಮತ್ತೆ ಎದುರಿಗೆ. ಬಣ್ಣ ಎಂಟಾಗುವ ಹೊತ್ತಿಗೆ ತಲೆ ಗಿರ್ರೆನ್ನುತ್ತದೆ. ಜಿಗಿದು ಗಾಳಿಯಲ್ಲಿರುವಾಗಲೇ ಬಣ್ಣ ಬದಲಿಸಬೇಕು. ಬಣ್ಣ ಆಯ್ಕೆಯ ಚಕ್ರ ತೆರೆದಾಗ ಕಾಲವೂ ನಿಧಾನವಾಗುವುದು ದೊಡ್ಡ ಕರುಣೆ! ಬಣ್ಣಗುರುಡು ಇರುವವರಿಗೆ ಪ್ರತಿ ಬಣ್ಣಕ್ಕೂ ಒಂದು ಚಿಹ್ನೆ ಕೊಟ್ಟಿದ್ದಾರೆ. ಬಣ್ಣವೇ ಬಂಡವಾಳವಾದ ಆಟದಲ್ಲಿ ಈ ಕಾಳಜಿ ನನಗೆ ಎಲ್ಲಕ್ಕಿಂತ ಹಿಡಿಸಿತು.

ಕೊರತೆಗಳೂ ಇವೆ. ಹುಡುಗನಿಗೆ ಸಿಗುವ ತಾಯಿಯ ಪತ್ರಗಳನ್ನು ಓದಿ ಕೇಳಿಸಲೆಂದೇ ಇರುವ ಉದ್ದದ ನಡಿಗೆಗಳು ಬೇಸರ ತರಿಸುತ್ತವೆ. ದೊಡ್ಡ ಕೋಣೆಯ ಕೊನೆಯಲ್ಲಿ ಎಡವಿದರೆ ಬಿಡಿಸಿದ ಒಗಟನ್ನೇ ಮೊದಲಿನಿಂದ ಬಿಡಿಸಬೇಕು. ಬುದ್ಧಿ ಸೋತರೆ ಸರಿ, ಬೆರಳು ಸೋಲುವುದು ಕಿರಿಕಿರಿ. ಕತೆಯ ತತ್ತ್ವಜ್ಞಾನವೂ ತುಸು ಭಾರ; ಹತ್ತು ವರ್ಷದವರು ಅದನ್ನು ಕೇಳಿಸಿಕೊಳ್ಳದೆ ಮುಂದೆ ಓಡುತ್ತಾರೆ.