ಬೈಕುಲ್ಲಾದ ಅಡುಗೆಮನೆಯಲ್ಲಿ ಧಾರವಾಡ

ಎಲ್ಲ ನಿಲಯಗಳೂ ಆ್ಯಪಿನಲ್ಲೇ ಸಿಗುವಾಗ ಊರೂರಿಗೊಂದು ಟ್ರಾನ್ಸ್‌ಮಿಟರ್ ಯಾಕೆ? ಮುಂಬಯಿ ಕನ್ನಡಿಗರ ಬಾಯಲ್ಲಿ ಈ ಮಾತು ಈಗ ಸಲೀಸು. ಆಡುವವರು ರೇಡಿಯೊ ಪ್ರಿಯರೇ ಎಂಬುದು ಸೋಜಿಗ.

ಸೌಕರ್ಯ ದೊಡ್ಡದು, ಒಪ್ಪೋಣ. ಮುಂಬಯಿಯ ಬೈಕುಲ್ಲಾದಲ್ಲಿ ಮೀಡಿಯಂ ವೇವ್ ತಿರುಗಿಸಿದರೆ ಕೇಳುವುದು ಲಿಫ್ಟಿನ ಮೋಟಾರು, ಎಲ್‌ಇಡಿ ಬಲ್ಬು, ಚಾರ್ಜರುಗಳ ಗರಗರ. ಆ ಗರಗರದಲ್ಲೇ ಸೊಗಸಿತ್ತು ಎಂದು ಹಲುಬುವವರ ಜೊತೆ ನಾನಿಲ್ಲ. ಧಾರವಾಡದ 765 ಕಿಲೊಹರ್ಟ್ಸ್ ರಾತ್ರಿ ಹೊತ್ತು ಅಯಾನುಗೋಳ ದಯೆ ತೋರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಈಗ ವೈಫೈ ಹಳೇ ಕಟ್ಟಡದ ದಪ್ಪ ಗೋಡೆ ದಾಟಿ ಅಡುಗೆಮನೆ ಮುಟ್ಟಿದರೆ ಸಾಕು. 64 ಕೆಬಿಪಿಎಸ್‌ನ ಪ್ರಸಾರಕ್ಕೆ ಗಂಟೆಗೆ ಸುಮಾರು 29 ಎಂಬಿ ಡೇಟಾ. ಸಿನಿಮಾ ನೋಡುವ ಮನೆಗೆ ಅದು ಲೆಕ್ಕಕ್ಕೇ ಇಲ್ಲ. (ಗಂಟೆಯ ಪೀಪ್ ಸದ್ದು ಮಾತ್ರ ತಡವಾಗಿ ಬರುತ್ತದೆ, ಅದನ್ನು ನಂಬಿ ಗಡಿಯಾರ ಹೊಂದಿಸಬೇಡಿ.)

ಆದರೆ ಆ್ಯಪಿನಲ್ಲಿ ನಾವು ಕೇಳುವುದೇನು? ಧಾರವಾಡದಿಂದ ಬೆಳೆರೋಗಕ್ಕೆ ಮದ್ದು, ಮಂಗಳೂರಿನಿಂದ ತುಳು ಮಾತುಕತೆ. ಯಾವುದೂ ಬೈಕುಲ್ಲಾಕ್ಕೆಂದು ಮಾಡಿದ್ದಲ್ಲ. ಬೇರೆಯವರ ಜಗಲಿಯ ಮಾತಿಗೆ ಕಿವಿಗೊಟ್ಟಂತೆ, ರುಚಿ ಇರುವುದೇ ಅದರಲ್ಲಿ. ದೂರದ ನಮ್ಮನ್ನೇ ಮುಂದಿಟ್ಟುಕೊಂಡು ನಿಲಯ ನಡೆಸಿದರೆ ಸಿಗುವುದು ಹಳೆಯ ಚಿತ್ರಗೀತೆ, ಹಬ್ಬದ ಶುಭಾಶಯ, ಮತ್ತೆ ಚಿತ್ರಗೀತೆ. ಅದಕ್ಕೆ ಬೇರೆ ಆ್ಯಪುಗಳು ಬೇಕಾದಷ್ಟಿವೆ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದ ಪುಟ್ಟ ಟ್ರಾನ್ಸ್‌ಮಿಟರಿನಲ್ಲಿ ಪ್ರಸಾರ ಶುರುಮಾಡಿದಾಗ ಅದು ಕೇಳುತ್ತಿದ್ದದ್ದು ಆಸುಪಾಸಿನವರಿಗೆ. ಮಾತಾಡುವವರಿಗೆ ಯಾರ ಜೊತೆ ಮಾತಾಡುತ್ತಿದ್ದೇವೆಂದು ಗೊತ್ತಿತ್ತು. 1950ರಲ್ಲಿ ಶುರುವಾದ ಧಾರವಾಡ ನಿಲಯಕ್ಕೂ ಅದು ಗೊತ್ತು.

ಇನ್ನು ಟ್ರಾನ್ಸ್‌ಮಿಟರ್ ದುಬಾರಿ ಎಂಬ ಖರ್ಚಿನ ವಾದ. ಕೇಳುವವರು ನೂರಿರಲಿ, ಲಕ್ಷವಿರಲಿ, ಟ್ರಾನ್ಸ್‌ಮಿಟರಿನ ಕರೆಂಟ್ ಬಿಲ್ಲು ಅಷ್ಟೇ. ಇಂಟರ್ನೆಟ್ಟಿನಲ್ಲಿ ಒಬ್ಬೊಬ್ಬ ಕೇಳುಗನಿಗೂ ಬೇರೆ ಬೇರೆಯಾಗಿ ಕಳಿಸಬೇಕು, ಡೇಟಾದ ಹಣ ಅವನೇ ಕೊಡಬೇಕು. ಮಳೆಗಾಳಿಗೆ ಮೊಬೈಲ್ ಟವರ್ ಕೈಕೊಟ್ಟ ದಿನ ಅದೂ ಇಲ್ಲ. ಸೆಲ್ ಹಾಕಿದ ಸೆಟ್ಟು ಆಗಲೂ ಮಾತಾಡುತ್ತದೆ. 2017ರಲ್ಲಿ ರಾಷ್ಟ್ರೀಯ ವಾಹಿನಿಗಳ ಎಫ್‌ಎಂ ನಿಲ್ಲಿಸಿದ ಶ್ರೀಮಂತ ನಾರ್ವೆ ಕೂಡ ಅದರ ಜಾಗಕ್ಕೆ ಡಿಜಿಟಲ್ ಟ್ರಾನ್ಸ್‌ಮಿಟರುಗಳನ್ನೇ ತಂದಿತು.

ನಮಗೆ ಸ್ಪಷ್ಟವಾಗಿ ಕೇಳುತ್ತದೆ ಎಂಬುದನ್ನೇ ನೆಪಮಾಡಿ ನವಲಗುಂದದ ಹೊಲದಲ್ಲಿರುವ ಸೆಟ್ಟಿನ ಬಾಯಿ ಮುಚ್ಚಿಸಿದರೆ, ಆ ರೈತನಿಗಾಗಿ ಕಾರ್ಯಕ್ರಮ ಮಾಡುವ ಕಾರಣವೂ ಹೋಗುತ್ತದೆ. ಆಮೇಲೆ ಆ್ಯಪಿನಲ್ಲಿ ಧಾರವಾಡ ಎಂಬ ಹೆಸರು ಹಾಗೇ ಇರಬಹುದು. ಒತ್ತಿದರೆ ಮಾತಾಡುವುದು ಬೆಂಗಳೂರೋ ದೆಹಲಿಯೋ ಆಗಿರುತ್ತದೆ.